ಮನೆಯ ಬಾವಿಗೆ ಹೊಸ ಪಂಪು

ಕರಾವಳಿಯ ಊರುಗಳಲ್ಲಿ ಮನೆ ಕಟ್ಟಿಸುವವರು ಮೊದಲು ಬಾವಿ ತೋಡಿಸಿ, ನೀರು ಕಂಡ ಮೇಲೆ ಪಾಯ ತೆಗೆಯುವುದು ಬಹುಕಾಲದ ವಾಡಿಕೆ. ಮಂಗಳೂರು, ಉಡುಪಿ, ಕುಂದಾಪುರಗಳಲ್ಲಿ ಮುರಕಲ್ಲನ್ನು ಕಡಿದು ಇಳಿಸಿದ ಇಂಥ ಬಾವಿಗಳು ಇಂದಿಗೂ ಅಂಗಳದಲ್ಲಿವೆ. ನಲ್ಲಿಯ ನೀರು ಬಂದ ಮೇಲೂ ಎಷ್ಟೋ ಮನೆಗಳಲ್ಲಿ ಕುಡಿಯುವುದಕ್ಕೆ, ಅಡಿಗೆಗೆ ಬಾವಿಯ ನೀರೇ ಬೇಕು. ಹಿಂದೆ ಗಡಗಡೆಯೂ ಹುರಿಹಗ್ಗವೂ ಮಾಡುತ್ತಿದ್ದ ಕೆಲಸವನ್ನು ಈಗ ಬಾವಿಕಟ್ಟೆಯ ಪಕ್ಕದ ಗೂಡಿನಲ್ಲಿ ಕುಳಿತ ಒಂದು ಪುಟ್ಟ ಪಂಪು ಮಾಡುತ್ತದೆ. ಸ್ವಿಚ್ಚು ಒತ್ತಿದಾಗ ದೀಪ ಒಮ್ಮೆ ಮಂಕಾಗುತ್ತದೆ, ರೇಡಿಯೋದಲ್ಲಿ 'ಚಟ್' ಎಂದು ಒಂದು ಸದ್ದು ಕೇಳಿಸುತ್ತದೆ, ಮಾಳಿಗೆಯ ಮೇಲಿನ ತೊಟ್ಟಿಗೆ ನೀರು ಬೀಳತೊಡಗುತ್ತದೆ. ಅಷ್ಟಾದರೆ ಮನೆಯವರು ಅದರ ಯೋಚನೆಯನ್ನೇ ಬಿಡುತ್ತಾರೆ.

ಮಳೆಗಾಲದಿಂದ ಸಂಕ್ರಾಂತಿಯವರೆಗೆ ತಂಟೆಯಿಲ್ಲ. ಯುಗಾದಿ ಸಮೀಪಿಸುತ್ತಲೂ ಕಷ್ಟ ಕಾಣಿಸಿಕೊಳ್ಳುತ್ತದೆ. ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ. ಯಾರಾದರೂ ಒಂದು ಕೊಡಪಾನ ನೀರು ತಂದು ಪಂಪಿನ ಬಾಯಿಗೆ ಹೊಯ್ಯಬೇಕು. ಹೊಯ್ದರೆ ಹತ್ತು ನಿಮಿಷ ಬಂದು ಮತ್ತೆ ನಿಲ್ಲುತ್ತದೆ. ಏಪ್ರಿಲಿನ ಕೊನೆಗೆ ಹೊಯ್ದರೂ ಬರುವುದಿಲ್ಲ. ಕರೆಸಿದ ಕೆಲಸಗಾರನು, 'ಇದು ಅರ್ಧ ಎಚ್.ಪಿ.ಯದು, ಹಳತಾಯಿತು, ಒಂದು ಎಚ್.ಪಿ.ಯದನ್ನು ಹಾಕಿಸಿಬಿಡಿ' ಎನ್ನುತ್ತಾನೆ. ಹಾಕಿಸುತ್ತಾರೆ. ಆ ವರ್ಷ ಅಷ್ಟರಲ್ಲೇ ಮಳೆ ಬಂದು ಬಾವಿ ತುಂಬುತ್ತದೆ. ಹೊಸ ಪಂಪಿಗೆ ಒಳ್ಳೆಯ ಹೆಸರೂ ಬರುತ್ತದೆ. ಮುಂದಿನ ಏಪ್ರಿಲಿನಲ್ಲಿ ಮತ್ತೆ ಕೊಡಪಾನ. ಹಣ ಹೋಯಿತು, ವಿದ್ಯುತ್ತಿನ ಬಿಲ್ಲು ಏರಿತು, ನೀರು ಮಾತ್ರ ಮೊದಲಿನಂತೆಯೇ.

ಹೀಗಾಗುವುದಕ್ಕೆ ಕಾರಣವನ್ನು ಕಂಡುಕೊಂಡರೆ ಪಂಪಿನ ಅಂಗಡಿಗೆ ಹೋಗುವ ಮೊದಲೇ ಅರ್ಧ ಕೆಲಸ ಮುಗಿದಂತೆ. ಪಂಪು ನೀರನ್ನು ಮೇಲಕ್ಕೆ 'ಎಳೆಯುತ್ತದೆ' ಎಂದು ನಾವೆಲ್ಲರೂ ಹೇಳುತ್ತೇವೆ. ನಿಜವಾಗಿ ಯಾವ ಪಂಪೂ ನೀರನ್ನು ಎಳೆಯಲಾರದು. ನೀರಿಗೆ ಹಗ್ಗದಂತೆ ಹಿಡಿತವಿಲ್ಲ. ಪಂಪು ಮಾಡುವುದಿಷ್ಟೇ: ಕೊಳವೆಯೊಳಗಿನ ಒತ್ತಡವನ್ನು ಕಡಿಮೆ ಮಾಡುತ್ತದೆ. ಆಗ ಬಾವಿಯ ನೀರಿನ ಮೇಲೆ ಭಾರ ಹೇರಿಕೊಂಡು ಕುಳಿತಿರುವ ಹೊರಗಿನ ಗಾಳಿ ಆ ನೀರನ್ನು ಕೊಳವೆಯೊಳಕ್ಕೆ ತಳ್ಳುತ್ತದೆ. ತಳ್ಳುವವನು ವಾಯುಮಂಡಲ, ಪಂಪು ಬಾಗಿಲು ತೆರೆಯುವ ಆಳು ಮಾತ್ರ. ವಾಯುಮಂಡಲದ ಬಲಕ್ಕೆ ಒಂದು ಮಿತಿಯಿದೆ. ಸಮುದ್ರಮಟ್ಟದಲ್ಲಿ ಅದು ಎತ್ತಿ ನಿಲ್ಲಿಸಬಲ್ಲ ನೀರಿನ ಕಂಬದ ಎತ್ತರ ೧೦.೩ ಮೀಟರ್, ಅಂದರೆ ಸುಮಾರು ೩೪ ಅಡಿ. ಮೋಟಾರು ಅರ್ಧ ಎಚ್.ಪಿ.ಯದಾದರೂ ಹತ್ತು ಎಚ್.ಪಿ.ಯದಾದರೂ ಈ ಅಂಕಿ ಬದಲಾಗದು.

ಇದನ್ನು ಮೊದಲು ಗಮನಿಸಿದವರು ಪಂಡಿತರಲ್ಲ, ಪಂಪು ರಿಪೇರಿಯ ಕೆಲಸದವರು. ಹದಿನೆಂಟು ಮೊಳಕ್ಕಿಂತ ಮೇಲೆ ನೀರು ಏರುವುದೇ ಇಲ್ಲವೆಂದು ಅಂಥ ಒಬ್ಬ ಕೆಲಸಗಾರನು ಹೇಳಿದ್ದನ್ನು ಇಟಲಿಯ ಗೆಲಿಲಿಯೋ ೧೬೩೮ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಆದರೆ ಆ ಮಹಾನುಭಾವನ ವಿವರಣೆ ತಪ್ಪಾಯಿತು; ಉದ್ದವಾದ ಹಗ್ಗ ತನ್ನ ಭಾರಕ್ಕೆ ತಾನೇ ಹರಿಯುವಂತೆ ನೀರಿನ ಕಂಬವೂ ಹರಿಯುತ್ತದೆಂದು ಅವನು ಭಾವಿಸಿದ. ಕೆಲವೇ ವರ್ಷಗಳ ಅನಂತರ, ೧೬೪೩–೪೪ರ ಸುಮಾರಿಗೆ, ಅವನ ಶಿಷ್ಯ ಟೊರಿಸೆಲ್ಲಿ ನೀರಿನ ಬದಲು ಪಾದರಸವನ್ನು ಗಾಜಿನ ನಳಿಗೆಯಲ್ಲಿ ನಿಲ್ಲಿಸುವ ಯುಕ್ತಿಯಿಂದ ಗಾಳಿಯ ಭಾರವೇ ಇದರ ಮೂಲವೆಂದು ತೋರಿಸಿಕೊಟ್ಟ. ನಮ್ಮ ಬಾವಿಕಟ್ಟೆಯ ಏಪ್ರಿಲ್ ತಿಂಗಳ ಜಗಳ ಹೀಗೆ ಮುನ್ನೂರೆಂಬತ್ತು ವರ್ಷಗಳಷ್ಟು ಹಳೆಯದು.

ಹತ್ತು ಮೀಟರ್ ಎಂಬುದು ಪುಸ್ತಕದ ಲೆಕ್ಕ. ವ್ಯವಹಾರದಲ್ಲಿ ಅಷ್ಟು ಸಿಕ್ಕುವುದಿಲ್ಲ. ಬೇಸಗೆಯ ನೀರು ಆವಿಯಾಗಲು ಹಾತೊರೆಯುವುದರಿಂದ ಅರ್ಧ ಮೀಟರಿನ ಸಮೀಪ ಕಳೆಯಬೇಕು. ಕೊಳವೆಯ ಘರ್ಷಣೆಗೂ ಫುಟ್ ವಾಲ್ವಿಗೂ ಒಂದು ಮೀಟರ್ ಕಳೆಯಿರಿ. ಪಂಪಿನ ಚಕ್ರದ ಬಾಯಲ್ಲಿ ನೀರು ತುಂಡಾಗದಂತೆ ಎರಡು ಮೀಟರಿನಷ್ಟು ಒತ್ತಡವನ್ನು ಉಳಿಸಬೇಕು. ಕೊನೆಗೆ ಕೈಗೆ ಬರುವುದು ಆರೂವರೆ, ಏಳು ಮೀಟರ್. ಇದೂ ಕಡಲತೀರದ ಮಾತು. ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿ ತೆಳುವಾದ್ದರಿಂದ ೧೦.೩ರ ಬದಲು ೯.೩ರಿಂದ ಲೆಕ್ಕ ಹಿಡಿಯಬೇಕು, ಮಡಿಕೇರಿಯಲ್ಲಿ ೯ರಿಂದ. ಆ ಊರುಗಳಲ್ಲಿ ಆರು ಮೀಟರ್ ದಾಟಿದರೆ ಕಟ್ಟೆಯ ಮೇಲಿನ ಪಂಪನ್ನು ನಂಬುವಂತಿಲ್ಲ. ಮಿತಿಯ ಹತ್ತಿರ ದುಡಿಯುತ್ತಿರುವ ಪಂಪು ಅದನ್ನು ತಾನೇ ಹೇಳುತ್ತದೆ: ಹೊಟ್ಟೆಯೊಳಗೆ ಜಲ್ಲಿಕಲ್ಲು ಉರುಳಿದಂತೆ ಗರಗರ ಸದ್ದು ಮಾಡುತ್ತದೆ. ನೀರು ಅಲ್ಲಿ ಆವಿಯ ಗುಳ್ಳೆಗಳಾಗಿ ಎದ್ದು ಮರುಕ್ಷಣ ಒಡೆಯುವ ಸದ್ದು ಅದು. ಹಾಗೆಯೇ ಬಿಟ್ಟರೆ ಒಳಗಿನ ಲೋಹದ ಚಕ್ರ ಗೆದ್ದಲು ತಿಂದಂತಾಗುತ್ತದೆ.

ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ಪಂಪನ್ನಲ್ಲ, ಒಂದು ಉದ್ದನೆಯ ದಾರವನ್ನು. ಅದರ ತುದಿಗೆ ಒಂದು ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟು, ಕಟ್ಟೆಯಿಂದ ನೀರಿನವರೆಗೆ ಎಷ್ಟು, ತಳದವರೆಗೆ ಎಷ್ಟು ಎಂದು ಅಳೆಯಿರಿ. ಇದನ್ನು ಮಳೆಗಾಲದಲ್ಲಿ ಅಳೆದರೆ ಪ್ರಯೋಜನವಿಲ್ಲ. ಏಪ್ರಿಲ್ ಕೊನೆಯಿಂದ ಮೊದಲ ಮಳೆ ಬೀಳುವವರೆಗಿನ ಅಳತೆಯೇ ಸರಿಯಾದದ್ದು. ಅದೂ ಬೆಳಿಗ್ಗೆ ಬಾವಿ ವಿಶ್ರಾಂತಿಯಲ್ಲಿರುವಾಗ ಒಮ್ಮೆ, ಪಂಪು ಅರ್ಧ ಗಂಟೆ ನಡೆದ ಮೇಲೆ ಇನ್ನೊಮ್ಮೆ. ಈ ಎರಡನೆಯ ಅಂಕಿ ಏಳು ಮೀಟರಿನೊಳಗಿದ್ದರೆ ದೋಷ ಬೇರೆಲ್ಲೋ ಇದೆ, ಹೊಸ ಪಂಪು ಬೇಕಿಲ್ಲದೆಯೂ ಇರಬಹುದು.

ದೋಷ ಸಾಮಾನ್ಯವಾಗಿ ಇರುವುದು ಫುಟ್ ವಾಲ್ವಿನಲ್ಲಿ. ಹೀರುಕೊಳವೆಯ ಕೆಳತುದಿಯಲ್ಲಿ, ನೀರೊಳಗೆ ಮುಳುಗಿರುವ ಈ ಪುಟ್ಟ ಬಾಗಿಲಿನ ಕೆಲಸ ನೀರನ್ನು ಮೇಲಕ್ಕೆ ಬಿಡುವುದು, ಕೆಳಕ್ಕೆ ಬಿಡದಿರುವುದು. ಅದರ ಕೂರುಮಣೆಯ ಮೇಲೆ ಒಂದು ಹರಳು ಮರಳೋ, ಒಂದು ಎಲೆಯ ಚೂರೋ ಸಿಕ್ಕಿಕೊಂಡರೆ ಸಾಕು. ರಾತ್ರಿಯೆಲ್ಲ ಕೊಳವೆ ತೊಟ್ಟಿಕ್ಕಿ ಬರಿದಾಗಿ, ಬೆಳಿಗ್ಗೆ ಕೊಡಪಾನ ಹುಡುಕಬೇಕಾಗುತ್ತದೆ. ಎರಡನೆಯ ಅಪರಾಧಿ ಕೊಳವೆಯ ಸಂದು. ಇಲ್ಲೊಂದು ಮೋಜು ಇದೆ. ಪಂಪಿನಿಂದ ಮೇಲಕ್ಕೆ ಹೋಗುವ ಕೊಳವೆ ಒಡೆದರೆ ನೀರು ಚಿಮ್ಮಿ ಊರಿಗೆಲ್ಲ ತಿಳಿಯುತ್ತದೆ. ಬಾವಿಯಿಂದ ಪಂಪಿಗೆ ಬರುವ ಕೊಳವೆ ಒಡೆದರೆ ಒಂದು ತೊಟ್ಟೂ ಹೊರಗೆ ಬೀಳುವುದಿಲ್ಲ, ಗಾಳಿ ಗುಟ್ಟಾಗಿ ಒಳಗೆ ಹೋಗುತ್ತದೆ. ತೊಟ್ಟಿಗೆ ಬೀಳುವ ನೀರು ಬಿಟ್ಟುಬಿಟ್ಟು, ಕೆಮ್ಮಿದಂತೆ ಬಂದರೆ ಇದನ್ನು ಶಂಕಿಸಬೇಕು. ಪಂಪು ನಡೆಯುತ್ತಿರುವಾಗ ಕೈಗೆಟಕುವ ಒಂದೊಂದೇ ಸಂದಿಗೂ ದಪ್ಪ ಗ್ರೀಸನ್ನೋ ಕಲಸಿದ ಜೇಡಿಮಣ್ಣನ್ನೋ ಮೆತ್ತುತ್ತ ಬನ್ನಿ. ಯಾವುದಕ್ಕೆ ಮೆತ್ತಿದಾಗ ನೀರು ಸರಾಗವಾಯಿತೋ ಅಲ್ಲಿಯೇ ರಂಧ್ರ. ಹೀರುಕೊಳವೆ ಬಾವಿಯಿಂದ ಪಂಪಿನವರೆಗೂ ಸ್ವಲ್ಪಸ್ವಲ್ಪವಾಗಿ ಏರುತ್ತಲೇ ಬರಬೇಕು. ನಡುವೆ ಒಂಟೆಯ ಡುಬ್ಬದಂತೆ ಎದ್ದು ಇಳಿದರೆ ಆ ಡುಬ್ಬದಲ್ಲಿ ಗಾಳಿ ಸೇರಿಕೊಂಡು ಹೊರಡುವುದೇ ಇಲ್ಲ.

ಕೊಳವೆಯ ಗಾತ್ರದ ವಿಷಯದಲ್ಲಿ ಜನ ಮಾಡುವ ಜಿಪುಣತನ ನನಗೆ ಎಂದೂ ಅರ್ಥವಾಗಿಲ್ಲ. ಸಾವಿರಗಟ್ಟಲೆ ರೂಪಾಯಿ ಕೊಟ್ಟು ಪಂಪು ತಂದು, ಕೆಲವು ನೂರು ರೂಪಾಯಿ ಉಳಿಸಲು ಮುಕ್ಕಾಲು ಅಂಗುಲದ ಕೊಳವೆ ಹಾಕಿಸುತ್ತಾರೆ. ನಿಮಿಷಕ್ಕೆ ೪೦ ಲೀಟರ್ ನೀರು ಹರಿಯಬೇಕೆನ್ನಿ. ಒಳಗಿನ ಬಾಯಿ ೨೦ ಮಿಲಿಮೀಟರ್ ಇರುವ ನುಣ್ಣನೆಯ ಕೊಳವೆಯಲ್ಲಿ ನೂರು ಮೀಟರ್ ಉದ್ದಕ್ಕೆ ಘರ್ಷಣೆಯೊಂದೇ ಸುಮಾರು ೨೮ ಮೀಟರ್ ಎತ್ತರಕ್ಕೆ ಸಮನಾದ ಶಕ್ತಿಯನ್ನು ನುಂಗುತ್ತದೆ. ಅದೇ ೨೫ ಮಿಲಿಮೀಟರಾದರೆ ಒಂಬತ್ತೂವರೆ ಮೀಟರ್. ೩೨ ಮಿಲಿಮೀಟರಾದರೆ ಮೂರಕ್ಕಿಂತ ಕಡಿಮೆ. ಹತ್ತು ಮೀಟರಿನ ಹೀರುಕೊಳವೆಯನ್ನು ೨೦ರಿಂದ ೩೨ಕ್ಕೆ ಬದಲಾಯಿಸಿದರೆ ಎರಡೂವರೆ ಮೀಟರಿನಷ್ಟು ಹೀರುವ ಶಕ್ತಿ ಉಳಿಯಿತು. ಬೇಸಗೆಯಲ್ಲಿ ನೀರು ಕೈಕೊಡುವ ಬಾವಿಗೆ ಇದೇ ಬದುಕು ಸಾವಿನ ಅಂತರವಾಗಬಹುದು. ಒಳಗೆ ತುಕ್ಕು ಹಿಡಿದು ಬಾಯಿ ಕಿರಿದಾದ ಹಳೆಯ ಕಬ್ಬಿಣದ ಕೊಳವೆಗಳ ಸ್ಥಿತಿ ಹೇಳುವುದೇ ಬೇಡ; ಅಂಥದನ್ನು ಹಾಗೆಯೇ ಇಟ್ಟು ಪಂಪು ಮಾತ್ರ ಹೊಸದು ಮಾಡಿಸುವುದು ಕೊಳೆ ಕಟ್ಟಿದ ಹುಕ್ಕಾಗೆ ಹೊಸ ಚಿಲುಮೆ ಕೂರಿಸಿದಂತೆ.

ಇನ್ನು ಬಾವಿಯ ಶಕ್ತಿ. ಎರಡು ಮೀಟರ್ ಅಡ್ಡಗಲದ ದುಂಡು ಬಾವಿಯಲ್ಲಿ ಒಂದು ಮೀಟರ್ ನೀರೆಂದರೆ ಸುಮಾರು ೩,೧೪೦ ಲೀಟರ್. ಬೇಸಗೆಯ ಒಂದು ದಿನ ಪಂಪು ನಡೆಸಿ ನೀರನ್ನು ಒಂದು ಮೀಟರ್ ತಗ್ಗಿಸಿ, ಮತ್ತೆ ಮೊದಲಿನ ಗುರುತಿಗೆ ಬರಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿ. ನಾಲ್ಕು ಗಂಟೆ ಹಿಡಿದರೆ ಒರತೆ ಗಂಟೆಗೆ ಎಂಟುನೂರು ಲೀಟರಿನ ಸಮೀಪವಾಯಿತು. ಇಂಥ ಬಾವಿಗೆ ಗಂಟೆಗೆ ಐದು ಸಾವಿರ ಲೀಟರ್ ಎತ್ತುವ ಪಂಪು ಇಟ್ಟರೆ ನೀರು ಹೆಚ್ಚುವುದಿಲ್ಲ, ಬಾವಿ ಬೇಗ ಬರಿದಾಗುತ್ತದೆ. ತಳದ ಕೆಸರು ಎದ್ದು ಬರುತ್ತದೆ. ಐದು ಜನರ ಮನೆಗೆ, ಪಟ್ಟಣಗಳ ನೀರು ಪೂರೈಕೆಯಲ್ಲಿ ಹಿಡಿಯುವ ಲೆಕ್ಕದಂತೆ ತಲೆಗೆ ದಿನಕ್ಕೆ ೧೩೫ ಲೀಟರ್ ಎಂದರೂ, ಬೇಕಾದದ್ದು ೬೭೫ ಲೀಟರ್. ನಾಲ್ಕು ಹೂವಿನ ಗಿಡ, ಒಂದು ಬಸಳೆ ಚಪ್ಪರ ಸೇರಿಸಿ ಸಾವಿರವೆನ್ನಿ. ಇದನ್ನು ಎರಡು ಸಲಕ್ಕೆ ಹಂಚಿ, ನಿಧಾನವಾಗಿ ಎತ್ತುವ ಸಣ್ಣ ಪಂಪೇ ಬಾವಿಗೆ ಹಿತ.

ಕಡಲ ಅಂಚಿನ ಮನೆಯವರು ಈ ಮಾತನ್ನು ಇನ್ನೂ ಗಟ್ಟಿಯಾಗಿ ಹಿಡಿಯಬೇಕು. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು ನಲವತ್ತು ಮೀಟರ್ ಸಿಹಿನೀರಿದೆ ಎಂದು ಡಚ್ ದೇಶದ ಗೈಬೆನ್, ಜರ್ಮನಿಯ ಹರ್ಜ್‌ಬರ್ಗ್ ಎಂಬ ಇಬ್ಬರು ಬೇರೆಬೇರೆಯಾಗಿ ಲೆಕ್ಕ ಹಾಕಿದರು. ಹರ್ಜ್‌ಬರ್ಗನ ಬರಹ ೧೯೦೧ರದು. ಉಪ್ಪುನೀರು ನಲವತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚು ಭಾರ, ಅಷ್ಟೇ ಅದರ ಮರ್ಮ. ಈ ಲೆಕ್ಕವನ್ನು ತಿರುಗಿಸಿ ನೋಡಿದರೆ ಭಯವಾಗುತ್ತದೆ: ದೊಡ್ಡ ಪಂಪು ಇಟ್ಟು ಮೇಲಿನ ಮಟ್ಟವನ್ನು ಒಂದು ಗೇಣು ಶಾಶ್ವತವಾಗಿ ಇಳಿಸಿದರೆ ಉಪ್ಪು ಕೆಳಗಿನಿಂದ ನಲವತ್ತು ಗೇಣು ಮೇಲೇರಲು ಹಾದಿ ಮಾಡಿಕೊಟ್ಟಂತೆ. ಒಮ್ಮೆ ಉಪ್ಪಾದ ಬಾವಿ ಸಿಹಿಯಾಗಲು ಎಷ್ಟೋ ಮಳೆಗಾಲ ಕಾಯಬೇಕು.

ಈಗ ಪಂಪಿನ ಆಯ್ಕೆ. ಒಂದು ಮನೆಯ ಲೆಕ್ಕ ಹಾಕೋಣ. ಬೇಸಗೆಯಲ್ಲಿ ನೀರು ಕಟ್ಟೆಯಿಂದ ೯ ಮೀಟರ್ ಕೆಳಗಿದೆ. ಮಳೆಗಾಲದಲ್ಲಿ ಎರಡೇ ಮೀಟರ್. ಮಾಳಿಗೆಯ ತೊಟ್ಟಿಯ ಬಾಯಿ ಕಟ್ಟೆಯಿಂದ ೮ ಮೀಟರ್ ಮೇಲಿದೆ. ಒಟ್ಟು ಏರು ೧೭ ಮೀಟರ್. ಒಂದು ಅಂಗುಲದ ಕೊಳವೆ ಮೂವತ್ತೈದು ಮೀಟರ್ ಉದ್ದವಿದ್ದರೆ ಘರ್ಷಣೆ, ತಿರುವು, ವಾಲ್ವುಗಳಿಗಾಗಿ ಇನ್ನೈದು ಮೀಟರ್ ಸೇರಿಸಿ ೨೨ ಎನ್ನಿ. ನಿಮಿಷಕ್ಕೆ ೪೦ ಲೀಟರಿನಂತೆ ಇದನ್ನು ಎತ್ತಲು ನೀರಿಗೆ ಕೊಡಬೇಕಾದ ಶಕ್ತಿ ೧೪೪ ವಾಟ್ ಮಾತ್ರ. ಸಣ್ಣ ಪಂಪುಗಳೂ ಸಣ್ಣ ಮೋಟಾರುಗಳೂ ಬಹಳ ಪೋಲು ಮಾಡುತ್ತವೆಯಾದ್ದರಿಂದ ಕಂಬದಿಂದ ೬೦೦ ವಾಟ್ ಎಳೆದಾವು. ಆದರೂ ಅರ್ಧ ಎಚ್.ಪಿ. ಪಂಪು ಸಾಕು, ಸಾವಿರ ಲೀಟರಿಗೆ ೨೫ ನಿಮಿಷ, ಕಾಲು ಯೂನಿಟ್ಟು ವಿದ್ಯುತ್ತು. ಅಂಗಡಿಯಲ್ಲಿ 'ಎಷ್ಟು ಎಚ್.ಪಿ.?' ಎಂದು ಕೇಳಬೇಡಿ, '೨೨ ಮೀಟರ್ ಏರಿಗೆ ಗಂಟೆಗೆ ಎಷ್ಟು ಲೀಟರ್?' ಎಂದು ಕೇಳಿ. ಪಂಪಿನ ಹಣೆಪಟ್ಟಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಅತಿ ಹೆಚ್ಚಿನ ಎತ್ತರ, ಅತಿ ಹೆಚ್ಚಿನ ನೀರು, ಇವೆರಡೂ ಒಟ್ಟಿಗೆ ಎಂದೂ ಸಿಕ್ಕುವುದಿಲ್ಲ. ಆ ಎತ್ತರದಲ್ಲಿ ನೀರು ಸೊನ್ನೆ, ಆ ನೀರಿನಲ್ಲಿ ಎತ್ತರ ಅತ್ಯಲ್ಪ. ಜೊತೆಗೆ ಕೊಡುವ ಕಾಗದದಲ್ಲಿ ಎತ್ತರಕ್ಕೆ ತಕ್ಕ ನೀರಿನ ಕೋಷ್ಟಕವಿರುತ್ತದೆ, ಅದನ್ನೇ ನೋಡಬೇಕು.

ಆದರೆ ಈ ಮನೆಯ ಕೊರತೆ ಏರಿನದಲ್ಲ, ಹೀರುವಿಕೆಯದು. ಒಂಬತ್ತು ಮೀಟರ್ ಏಳಕ್ಕಿಂತ ಹೆಚ್ಚು. ಕಟ್ಟೆಯ ಮೇಲೆ ಎಂಥ ಪಂಪನ್ನು ತಂದಿಟ್ಟರೂ ಏಪ್ರಿಲಿನಲ್ಲಿ ಅದು ಸೋಲಲೇಬೇಕು. 'ತಾನೇ ನೀರು ಹಿಡಿಯುವ' ಸೆಲ್ಫ್ ಪ್ರೈಮಿಂಗ್ ಪಂಪು ಎಂಬುದು ಕೊಡಪಾನದ ಕೆಲಸವನ್ನು ತಪ್ಪಿಸೀತೇ ಹೊರತು ಗಾಳಿಯ ಭಾರವನ್ನು ಹೆಚ್ಚಿಸಲಾರದು. ಅದರ ಒಳಚಕ್ರಕ್ಕೂ ಕವಚಕ್ಕೂ ನಡುವಣ ಅಂತರ ಬಹಳ ಸಣ್ಣದು. ಮರಳು ಬರುವ ಬಾವಿಯಲ್ಲಿ ಬೇಗ ಸವೆಯುತ್ತದೆ.

ಪಂಪನ್ನೇ ಕೆಳಕ್ಕೆ ಇಳಿಸುವುದು ಹಳೆಯ ಉಪಾಯ. ಬಾವಿಯೊಳಗೆ ಮೆಟ್ಟಿಲೋ ತೋಳೋ ಇದ್ದರೆ ನಾಲ್ಕು ಮೀಟರ್ ಕೆಳಗೆ ಪಂಪು ಕೂರಿಸಿದರೆ ಹೀರಬೇಕಾದದ್ದು ಐದೇ ಮೀಟರ್. ಇದು ಚೆನ್ನಾಗಿಯೇ ನಡೆಯುತ್ತದೆ, ಜೂನ್ ತಿಂಗಳವರೆಗೆ. ಒಂದು ರಾತ್ರಿಯ ಮಳೆಗೆ ನೀರು ಏರಿ ಮೋಟಾರು ಮುಳುಗಿದರೆ ಅದರ ಸುರುಳಿ ಸುಟ್ಟಂತೆಯೇ. ಅದನ್ನು ವರ್ಷಕ್ಕೆರಡು ಸಲ ಇಳಿಸಿ ಏರಿಸುವಾಗ ಯಾರೋ ಒಬ್ಬರು ಒದ್ದೆ ಕಲ್ಲಿನ ಮೇಲೆ ನಿಂತು ವಿದ್ಯುತ್ ಯಂತ್ರವನ್ನು ಮುಟ್ಟಬೇಕು. ನಾನು ಇದನ್ನು ಯಾರಿಗೂ ಹೇಳುವುದಿಲ್ಲ. ಜೆಟ್ ಪಂಪು ಇನ್ನೊಂದು ದಾರಿ: ಮೋಟಾರು ಮೇಲೆಯೇ ಇರುತ್ತದೆ, ಬಾವಿಗೆ ಎರಡು ಕೊಳವೆಗಳು ಇಳಿಯುತ್ತವೆ. ಮೇಲೆ ಬಂದ ನೀರಿನ ಒಂದು ಪಾಲನ್ನೇ ಮತ್ತೆ ಕೆಳಗೆ ಕಳುಹಿಸಿ, ಸಣ್ಣ ಮೂತಿಯಿಂದ ವೇಗವಾಗಿ ಚಿಮ್ಮಿಸಿ, ಅದರ ರಭಸದಿಂದ ಬಾವಿಯ ನೀರನ್ನು ಮೇಲಕ್ಕೆ ನೂಕುತ್ತಾರೆ. ಯುಕ್ತಿ ಒಳ್ಳೆಯದು. ಆದರೆ ಅದೇ ನೀರು ಸುತ್ತಿಸುತ್ತಿ ಬರುವುದರಿಂದ ವಿದ್ಯುತ್ತು ಬಹಳ ತಿನ್ನುತ್ತದೆ. ಮೂತಿಯಲ್ಲಿ ಕಸ ಕಟ್ಟುತ್ತದೆ.

ಈಗ ಬಹುಮಟ್ಟಿಗೆ ಒಪ್ಪತಕ್ಕದ್ದು ತೆರೆದ ಬಾವಿಯ ಸಬ್‌ಮರ್ಸಿಬಲ್ ಪಂಪು, ಅಂದರೆ ಮೋಟಾರು ಸಮೇತ ನೀರೊಳಗೇ ಮುಳುಗಿರುವಂಥದು. ಅದು ನೀರನ್ನು ಕೆಳಗಿನಿಂದ ತಳ್ಳುತ್ತದೆ. ಹೀರುವ ಪ್ರಶ್ನೆಯೇ ಇಲ್ಲ, ಟೊರಿಸೆಲ್ಲಿಯ ಹಂಗೂ ಇಲ್ಲ. ಫುಟ್ ವಾಲ್ವು ಬೇಡ, ಕೊಡಪಾನ ಬೇಡ, ಸದ್ದೂ ಇಲ್ಲ. ಕೊಳ್ಳುವಾಗ ಎರಡು ಸಂಗತಿಗಳನ್ನು ವಿಚಾರಿಸಿ. ಕೆಲವು ಮೋಟಾರುಗಳ ಒಳಗೆ ಎಣ್ಣೆ ತುಂಬಿರುತ್ತದೆ, ಕೆಲವಕ್ಕೆ ನೀರು. ಸೀಲು ಸವೆದರೆ ಎಣ್ಣೆ ಬಾವಿಗೆ ಬರುತ್ತದೆ. ಆದ್ದರಿಂದ ಕುಡಿಯುವ ನೀರಿನ ಬಾವಿಗೆ ನೀರು ತುಂಬಿದ್ದೇ ಇರಲಿ. ಇದಕ್ಕೆ ಇಳಿಸುವ ಮೊದಲು ಶುದ್ಧವಾದ ನೀರನ್ನು ಬಾಯಿಯವರೆಗೆ ತುಂಬಿಸಲು ಮರೆಯಬಾರದು. ಎರಡನೆಯದಾಗಿ, ಕೊಳವೆಬಾವಿಯ ಉದ್ದನೆಯ ಪಂಪನ್ನು ಅಗ್ಗಕ್ಕೆ ಸಿಕ್ಕಿತೆಂದು ತೆರೆದ ಬಾವಿಗೆ ಇಳಿಸಬೇಡಿ. ಅದರ ಮೋಟಾರು ತಂಪಾಗುವುದು ಇಕ್ಕಟ್ಟಾದ ಕೊಳವೆಯಲ್ಲಿ ಅದರ ಮೈಯನ್ನು ಸವರಿಕೊಂಡು ಹೋಗುವ ನೀರಿನಿಂದ. ವಿಶಾಲವಾದ ಬಾವಿಯಲ್ಲಿ ಅಂಥ ಹರಿವಿಲ್ಲ. ಐ.ಎಸ್.ಐ. ಗುರುತು ಇರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲವಷ್ಟೆ.

ಇಳಿಸುವ ಕ್ರಮದಲ್ಲಿ ಅವಸರ ಸಲ್ಲದು. ಪಂಪಿನ ಭಾರವನ್ನು ವಿದ್ಯುತ್ ತಂತಿಯ ಮೇಲೆ ಎಂದೂ ಬಿಡಬಾರದು. ತೆಂಗಿನ ಹುರಿಹಗ್ಗವೂ ಬೇಡ, ನೀರಿನಲ್ಲಿ ಕ್ರಮೇಣ ಕೊಳೆಯುತ್ತದೆ. ದಪ್ಪನೆಯ ನೈಲಾನ್ ಹಗ್ಗ ಅಥವಾ ತುಕ್ಕು ಹಿಡಿಯದ ಉಕ್ಕಿನ ಸರಿಗೆ ಇರಲಿ. ತಳದಿಂದ ಒಂದು ಮೊಳ ಮೇಲಿದ್ದರೆ ಕೆಸರನ್ನು ಮೊಗೆಯುವುದಿಲ್ಲ. ತಂತಿಯ ಸಂದು ನೀರೊಳಗೆ ಬರಲೇಬಾರದು. ಒಂದೇ ತುಂಡು ಕಟ್ಟೆಯ ಮೇಲಿನವರೆಗೆ ಬರಬೇಕು. ನೀರಿಲ್ಲದಾಗ ಪಂಪು ತಾನೇ ನಿಲ್ಲುವ ಏರ್ಪಾಡಿಗೆ ಸ್ವಲ್ಪ ಹಣ ಹೆಚ್ಚಾದರೂ ಕೊಡಿ. ಮೇಲಿನ ತೊಟ್ಟಿಯಲ್ಲಿಯೂ ತೇಲುಗುಂಡಿನ ಸ್ವಿಚ್ಚು ಇದ್ದರೆ, ತುಂಬಿ ಹರಿಯುವುದನ್ನು ನೆರೆಮನೆಯವರು ಕೂಗಿ ಹೇಳಬೇಕಾದ ಪ್ರಸಂಗ ತಪ್ಪುತ್ತದೆ. ತೊಟ್ಟಿಗೆ ಬದಲು ಒತ್ತಡದ ಉರುಳೆ ಇಟ್ಟು ನಲ್ಲಿ ತಿರುಗಿಸಿದಾಗಲೆಲ್ಲ ಪಂಪು ಓಡುವಂಥ ವ್ಯವಸ್ಥೆಯೂ ಬಂದಿದೆ. ಸ್ನಾನದ ಕೋಣೆಯಲ್ಲಿ ನೀರು ಜೋರಾಗಿ ಬರುತ್ತದೆ, ನಿಜ. ಕರೆಂಟು ಹೋದ ದಿನ ಹನಿಯೂ ಇಲ್ಲ. ನಮ್ಮ ಊರುಗಳಿಗೆ ಮಾಳಿಗೆಯ ತೊಟ್ಟಿಯೇ ಮೇಲು.

ವಿದ್ಯುತ್ತಿನ ವಿಷಯವನ್ನು ಮನೆಯ ಯಜಮಾನರು ಕೆಲಸಗಾರನಿಗೇ ಬಿಟ್ಟು ಒಳಗೆ ಕಾಫಿ ಕುಡಿಯಲು ಹೋಗಬಾರದು. ಸಂಜೆ ವೋಲ್ಟೇಜು ೨೩೦ರಿಂದ ೧೮೦ಕ್ಕೆ ಇಳಿದರೆ ಮೋಟಾರಿನ ತಿರುಚುವ ಬಲ ನೂರಕ್ಕೆ ಅರವತ್ತಕ್ಕೆ ಇಳಿಯುತ್ತದೆ, ಏಕೆಂದರೆ ಅದು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ಆಗ ಮೋಟಾರು 'ಗುಂಯ್' ಎಂದು ಗುಣುಗುತ್ತ ತಿರುಗದೆ ನಿಲ್ಲುತ್ತದೆ. ಒಂದೆರಡು ನಿಮಿಷ ಹಾಗೆ ಬಿಟ್ಟರೆ ಸುಡುತ್ತದೆ. ವೋಲ್ಟೇಜು ಸರಿಯಿದ್ದೂ ಹಾಗೆ ಗುಣುಗಿದರೆ ಕೆಪಾಸಿಟರ್ ಸತ್ತಿರುವ ಸಂಭವ ಹೆಚ್ಚು. ಅದು ಸಣ್ಣ ಖರ್ಚಿನ ಸಾಮಾನು. ಇಡೀ ಪಂಪನ್ನು ಬದಲಾಯಿಸುವ ಮುನ್ನ ಅದನ್ನು ನೋಡಿಸಿ. ಆದರೆ ಸ್ವಿಚ್ಚು ಆರಿಸಿದ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದಾದ್ದರಿಂದ ನೀವಾಗಿ ಕೈ ಹಾಕಬೇಡಿ.

ಬಾವಿಕಟ್ಟೆ ಎಂದರೆ ಒದ್ದೆ ನೆಲ, ಬರಿಗಾಲು, ಕಬ್ಬಿಣದ ಕೊಳವೆ, ಲೋಹದ ಕೊಡ. ತಂತಿಯ ಹೊದಿಕೆ ಎಲ್ಲಾದರೂ ಸವೆದು ಮೋಟಾರಿನ ಮೈಗೆ ವಿದ್ಯುತ್ತು ತಗಲಿದರೆ ಬಟ್ಟೆ ಒಗೆಯಲು ಬಂದವರ ಜೀವ ಹೋಗುತ್ತದೆ. ಸರಿಯಾದ ಅರ್ಥಿಂಗ್ ತಂತಿ ಇರಲೇಬೇಕು. ಅದರ ಮೇಲೆ, ೩೦ ಮಿಲಿ ಆಂಪಿಯರ್ ಸೋರಿದ ಕೂಡಲೇ ಕಡಿದುಬೀಳುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಪಂಪಿನ ಹಾದಿಯಲ್ಲಿ ಹಾಕಿಸಿ. ಪಂಪು ಮುಳುಗಿರುವಾಗಲಂತೂ ಇದು ಐಚ್ಛಿಕವಲ್ಲ. ಪಂಪು ಚಾಲೂ ಇರುವಾಗ ಬಾವಿಯಿಂದ ಕೊಡ ಸೇದುವ ಅಭ್ಯಾಸವನ್ನು ಮನೆಯಲ್ಲಿ ಎಲ್ಲರೂ ಬಿಡಬೇಕು.

ಇದಕ್ಕಿಂತ ಹೆಚ್ಚು ಜೀವಗಳನ್ನು ತೆಗೆದುಕೊಳ್ಳಬಲ್ಲ ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದೇ ಇಲ್ಲ. ಪಂಪು ಬದಲಾಯಿಸಲೆಂದೋ ಬಿದ್ದ ಫುಟ್ ವಾಲ್ವು ತೆಗೆಯಲೆಂದೋ ಒಬ್ಬನು ಬಾವಿಗೆ ಇಳಿಯುತ್ತಾನೆ. ಕೊಳೆತ ಎಲೆ, ಕೆಸರುಗಳಿಂದ ಹುಟ್ಟಿದ ಇಂಗಾಲದ ಡೈಆಕ್ಸೈಡು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಮಡುಗಟ್ಟಿ ನಿಂತಿರುತ್ತದೆ, ಆಮ್ಲಜನಕ ಕಡಿಮೆಯಾಗಿರುತ್ತದೆ. ಇಳಿದವನು ಕೂಗಲೂ ಅವಕಾಶವಿಲ್ಲದೆ ಕುಸಿಯುತ್ತಾನೆ. ಅವನನ್ನು ಎತ್ತಲು ಎರಡನೆಯವನು ಧಾವಿಸಿ ಇಳಿಯುತ್ತಾನೆ, ಆಮೇಲೆ ಮೂರನೆಯವನು. ಒಂದೇ ಮನೆಯ ಇಬ್ಬರು ಮೂವರು ಹೀಗೆ ಸತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು ಆರುತ್ತದೆಯೋ ಎಂದು ನೋಡುವುದು ಹಳೆಯ ಪದ್ಧತಿ; ಆರಿದರೆ ಇಳಿಯಲೇಬಾರದು. ಆದರೆ ದೀಪ ಆರಲಿಲ್ಲವೆಂದ ಮಾತ್ರಕ್ಕೆ ಕ್ಷೇಮವೆಂದು ತಿಳಿಯಬಾರದು. ಎಂಜಿನ್ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡು ದೀಪವನ್ನು ಆರಿಸದೆಯೇ ಮನುಷ್ಯನನ್ನು ಕೊಲ್ಲುತ್ತದೆ. ಬಾವಿ ಬರಿದು ಮಾಡಲು ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಿ ನಡೆಸುವುದು ಕೊಲೆಗೆ ಸಮ. ಮುಳುಗುವ ಪಂಪಿನ ದೊಡ್ಡ ಗುಣ ಇದೇ ಎಂದು ನನ್ನ ಅಭಿಪ್ರಾಯ: ಕಟ್ಟೆಯ ಮೇಲೆ ನಿಂತೇ ಹಗ್ಗದಿಂದ ಮೇಲೆತ್ತಬಹುದು, ಯಾರೂ ಇಳಿಯಬೇಕಿಲ್ಲ. ಯಾರಾದರೂ ಕುಸಿದರೆ, ಇಳಿಯದೆ, ೧೧೨ಕ್ಕೆ ಫೋನು ಮಾಡಿ ಅಗ್ನಿಶಾಮಕ ದಳವನ್ನು ಕರೆಸಬೇಕು.

ಕೆಲಸ ಮುಗಿದ ಮೇಲೆ ಬಾವಿಯ ನೀರು ಕದಡಿರುತ್ತದೆ. ಹಲವರ ಕೈಕಾಲು, ಹಗ್ಗ, ಕೊಳವೆ ಅದರಲ್ಲಿ ಅದ್ದಿರುತ್ತವೆ. ಒಂದು ದಿನ ಕದಡಿದ ನೀರನ್ನು ತೋಟಕ್ಕೆ ಬಿಟ್ಟು, ತಿಳಿಯಾದ ಮೇಲೆ ಬ್ಲೀಚಿಂಗ್ ಪುಡಿ ಹಾಕಬೇಕು. ತಿಳಿನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ ಎಂಬುದು ರೂಢಿಯ ಪ್ರಮಾಣ. ಎರಡು ಮೀಟರ್ ಅಡ್ಡಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು ೯,೪೦೦ ಲೀಟರ್, ಪುಡಿ ೨೪ ಗ್ರಾಂ. ಪುಡಿಯನ್ನು ನೇರವಾಗಿ ಸುರಿಯಬೇಡಿ. ಬಕೆಟಿನಲ್ಲಿ ಸ್ವಲ್ಪ ನೀರಿನೊಡನೆ ಕಲಸಿ, ಮುಕ್ಕಾಲು ತುಂಬಿಸಿ, ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳದಲ್ಲಿ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಸಿದು ಅದನ್ನು ಬಾವಿಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ಸುಣ್ಣದ ಗಸಿಯನ್ನು ಬಾವಿಗೆ ಹಾಕಿದರೆ ನೀರು ಗಡುಸಾಗುತ್ತದೆ. ಒಂದು ಗಂಟೆ ಬಿಟ್ಟು ಬಳಸಬಹುದು. ರಾತ್ರಿ ಹಾಕಿ ಬೆಳಿಗ್ಗೆ ಬಳಸಿದರೆ ಇನ್ನೂ ಉತ್ತಮ.

ಗಡಗಡೆಯನ್ನೂ ಹಗ್ಗವನ್ನೂ ತೆಗೆಸಿಬಿಡಬೇಡಿ. ಕರೆಂಟು ಇಲ್ಲದ ದಿನಕ್ಕೆ ಅವು ಬೇಕು. ಕಟ್ಟೆಯಿಂದ ಬಿಚ್ಚಿದ ಹಳೆಯ ಪಂಪು ಕೆಟ್ಟಿರದಿದ್ದರೆ ಅದನ್ನು ಗುಜರಿಗೆ ಕೊಡುವ ಮುನ್ನ ಯೋಚಿಸಿ. ನೆಲದ ತೊಟ್ಟಿಯಿಂದ ಮೇಲಿನ ತೊಟ್ಟಿಗೆ ಏರಿಸಲು ಅದು ಇನ್ನೂ ಹತ್ತು ವರ್ಷ ದುಡಿದೀತು. ಹೊಸ ಪಂಪಿನ ಸ್ವಿಚ್ಚಿನ ಪೆಟ್ಟಿಗೆಯ ಬಾಗಿಲ ಒಳಮೈಗೆ ಒಂದು ಕಾಗದ ಅಂಟಿಸಿ, ಪಂಪು ಇಳಿಸಿದ ತಾರೀಖು, ಎಷ್ಟು ಆಳದಲ್ಲಿದೆ, ಕೆಪಾಸಿಟರಿನ ಅಂಕಿ ಎಷ್ಟು, ಏಪ್ರಿಲಿನಲ್ಲಿ ನೀರು ಕಟ್ಟೆಯಿಂದ ಎಷ್ಟು ಕೆಳಗಿತ್ತು ಎಂದು ಬರೆದಿಡಿ. ಮುಂದಿನ ವರ್ಷ ದಾರ ಇಳಿಬಿಟ್ಟಾಗ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ.